ದೊಯಾಂಗ್ ದಡದಲ್ಲಿ ಅಮುರ್ ಫಾಲ್ಕನ್‌ಗಳು

ನವೆಂಬರಿನಲ್ಲಿ ನಾಗಾಲ್ಯಾಂಡಿನ ವೋಖಾ ಜಿಲ್ಲೆಯಲ್ಲಿ ಸಂಜೆ ನಾಲ್ಕೂವರೆಯ ಹೊತ್ತಿಗೆ ಸೂರ್ಯ ಮುಳುಗಿಬಿಡುತ್ತಾನೆ. ನಮ್ಮ ಕಡೆಯ ಲೆಕ್ಕದಲ್ಲಿ ಐದೂವರೆಗೆ, ಅಮುರ್ ಫಾಲ್ಕನ್‌ಗಳು ತಂಗುವ ಪಾಂಗ್ತಿ ಊರು ಸೇರುವವರಿಗೆ ಕತ್ತಲಷ್ಟೇ ಕಾಣುತ್ತದೆ. ಮಧ್ಯಾಹ್ನ ಮೂರಕ್ಕೇ ವೀಕ್ಷಣಾ ಗೋಪುರದಲ್ಲಿರಬೇಕು. ಬೆಳಿಗ್ಗೆಯಾದರೆ ಬೆಳಕು ಮೂಡುವ ಮೊದಲೇ ಹೋಗಬೇಕು. ಹಕ್ಕಿಗಳು ಮರ ಬಿಟ್ಟು ಏಳುವಾಗ ದೊಯಾಂಗ್ ಜಲಾಶಯದ ಮೇಲಿನ ಆಕಾಶವೇ ತುಂಬಿಹೋಗುತ್ತದೆ.

ದಿಮಾಪುರದವರೆಗೆ ರೈಲು ಅಥವಾ ವಿಮಾನ, ಅಲ್ಲಿಂದ ಕೊಹಿಮಾ ಮೇಲೆ ವೋಖಾ. ಘಟ್ಟದ ರಸ್ತೆಗೆ ಇಡೀ ದಿನ ಇಟ್ಟುಕೊಳ್ಳಿ. ಹೊರರಾಜ್ಯದವರಿಗೆ ಬೇಕಾದ ಪ್ರವೇಶ ಅನುಮತಿ, ಅಂದರೆ ಇನ್ನರ್ ಲೈನ್ ಪರ್ಮಿಟ್, ಆನ್‌ಲೈನಿನಲ್ಲೇ ಮಾಡಿಸಿಕೊಂಡು, ಎರಡು ಪ್ರತಿ ಮುದ್ರಿಸಿ ಕೈಯಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಭಾನುವಾರ ಪ್ರಯಾಣ ಬೇಡ. ಅಂಗಡಿ ತೆರೆಯುವುದಿಲ್ಲ, ಬಾಡಿಗೆ ಸುಮೋ ಸಿಗುವುದಿಲ್ಲ, ಊರೆಲ್ಲ ಚರ್ಚಿನಲ್ಲಿರುತ್ತದೆ. ಶನಿವಾರವೇ ತಲುಪಿ ಮರುದಿನ ಆರಾಧನೆಯಲ್ಲಿ ಕೂತರೆ ಊರಿನ ಪರಿಚಯವೂ ಆಗುತ್ತದೆ. ನವೆಂಬರ್ 7ಕ್ಕೆ ಲೋಥಾ ಜನರ ಸುಗ್ಗಿಯ ಹಬ್ಬ ತೊಖು ಎಮೋಂಗ್. ಆಗ ಉಳಿದುಕೊಳ್ಳಲು ಮನೆ ಬೇಕಿದ್ದರೆ ಮೊದಲೇ ಹೇಳಿಡಬೇಕು.

ಅಮುರ್ ಫಾಲ್ಕನ್ ಸುಮಾರು 150 ಗ್ರಾಂ ತೂಗುವ ಬೇಟೆಹಕ್ಕಿ. ಗಂಡು ಬೂದುಕಪ್ಪು, ಕಾಲು ಕಿತ್ತಳೆಗೆಂಪು, ಹಾರುವಾಗ ರೆಕ್ಕೆಯ ಅಡಿಯ ಬಿಳಿ ಎದ್ದು ಕಾಣುತ್ತದೆ. ಹೆಣ್ಣಿನ ಎದೆ ಬಿಳಿ, ಅದರ ಮೇಲೆ ಕಪ್ಪು ಗೆರೆ, ಚುಕ್ಕೆ. ಸೈಬೀರಿಯದ ಆಗ್ನೇಯ ಭಾಗ, ಉತ್ತರ ಚೀನಾಗಳಲ್ಲಿ ಮರಿಮಾಡಿ ಚಳಿಗಾಲಕ್ಕೆ ಆಫ್ರಿಕಾ ಖಂಡದ ದಕ್ಷಿಣ ಭಾಗಕ್ಕೆ ಹೋಗುತ್ತದೆ. ಮಳೆಗಾಲ ಮುಗಿದ ಮೇಲೆ ನಾಗಾ ಬೆಟ್ಟಗಳಲ್ಲಿ ನೆಲದಿಂದ ಏಳುವ ಈಸಲು ಹುಳು ತಿಂದು ಮೈಗೆ ಕೊಬ್ಬು ತುಂಬಿಕೊಳ್ಳುವುದಕ್ಕೇ ಈ ತಂಗುದಾಣ. ಇಲ್ಲಿಂದ ಹೊರಟರೆ ಭಾರತದ ಪರ್ಯಾಯದ್ವೀಪ, ಅರಬ್ಬೀ ಸಮುದ್ರ ದಾಟಿ ಸೊಮಾಲಿಯಾದ ತನಕ ನಿಲ್ಲದೆ ಹಾರುತ್ತದೆ. ಇಲ್ಲಿ ಹೊಟ್ಟೆ ತುಂಬದಿದ್ದರೆ ಸಮುದ್ರ ದಾಟುವ ಶಕ್ತಿಯೇ ಇರುವುದಿಲ್ಲ.

2012ರ ಅಕ್ಟೋಬರಿನಲ್ಲಿ ಇದೇ ದಡದಲ್ಲಿ ಸಂಜೆ ಹಕ್ಕಿ ಇಳಿಯುವ ದಾರಿಗೆ ಅಡ್ಡಲಾಗಿ ಮೀನಿನ ಬಲೆ ಕಟ್ಟುತ್ತಿದ್ದರು. ಸಿಕ್ಕಿಬಿದ್ದವನ್ನು ಸೊಳ್ಳೆಪರದೆಯಂಥ ಚೀಲಗಳಲ್ಲಿ ಜೀವಂತ ಕೂಡಿಟ್ಟು, ಆಮೇಲೆ ಕೊಂದು, ಪುಕ್ಕ ಕಿತ್ತು, ಹೊಗೆಯಲ್ಲಿ ಒಣಗಿಸಿ, ಕಡ್ಡಿಗೆ ಚುಚ್ಚಿ ಮಾರುತ್ತಿದ್ದರು. ವನ್ಯಜೀವಿ ಸಂರಕ್ಷಣೆಗೆ ಕೆಲಸ ಮಾಡುವ ಕನ್ಸರ್ವೇಶನ್ ಇಂಡಿಯಾ ತಂಡ ಅದನ್ನು ಚಿತ್ರೀಕರಿಸಿ ಹೊರಜಗತ್ತಿಗೆ ತೋರಿಸಿತು. ಆ ತಂಡದಲ್ಲಿ ನಾಗಾ ಪತ್ರಕರ್ತೆ ಬಾನೋ ಹರಾಲು, ಬೆಂಗಳೂರಿನ ರಾಮ್ಕಿ ಶ್ರೀನಿವಾಸನ್ ಇದ್ದರು. ಒಂದು ಋತುವಿನಲ್ಲಿ ಸತ್ತವು ಲಕ್ಷ ಮೀರಿದ್ದವೆಂದು ಅವರ ಅಂದಾಜು.

ಇದಕ್ಕೆ ಕ್ರೌರ್ಯವೊಂದೇ ಕಾರಣವೆಂದು ಬರೆದುಬಿಡುವುದು ಅನ್ಯಾಯ. ಜಲವಿದ್ಯುತ್ ಅಣೆಕಟ್ಟಿನ ಹಿನ್ನೀರು ಗದ್ದೆಗಳನ್ನು ನುಂಗಿದ ಮೇಲೆ ಜನ ಮೀನುಗಾರಿಕೆಗೆ ಇಳಿದಿದ್ದರು. ಬಲೆ ಬಂದದ್ದು ಹಾಗೆ. ಮೇಲಾಗಿ ನಾಗಾಲ್ಯಾಂಡಿನ ಕಾಡು, ಭೂಮಿ ಬಹುಪಾಲು ಊರಿನದು, ಕುಲದ್ದು. 1972ರ ವನ್ಯಜೀವಿ ಕಾಯ್ದೆ ಹಿಡಿದು ಅರಣ್ಯ ಇಲಾಖೆ ಒಂಟಿಯಾಗಿ ಬಂದರೆ ಏನೂ ಆಗುವುದಿಲ್ಲ. ಒಪ್ಪಬೇಕಾದ್ದು ಗ್ರಾಮ ಪರಿಷತ್ತು. ಪರಿಷತ್ತಿನವರೂ ಮೀನುಗಾರರೂ ಬಲೆ ಹೆಣೆದವರ ಮಕ್ಕಳೂ ವಾರಕ್ಕೊಮ್ಮೆ ಒಟ್ಟಿಗೆ ಕೂರುವ ಜಾಗ ಬ್ಯಾಪ್ಟಿಸ್ಟ್ ಚರ್ಚು. 2011ರ ಜನಗಣತಿಯಂತೆ ರಾಜ್ಯದ ಸುಮಾರು ಶೇ. 88 ಜನ ಕ್ರೈಸ್ತರು.

ಪಾಂಗ್ತಿ, ಆಶಾ, ಸುಂಗ್ರೋ ಊರುಗಳ ಪರಿಷತ್ತುಗಳು ಬೇಟೆ ನಿಷೇಧಿಸಿದವು, ಪಾಸ್ಟರ್‌ಗಳು ಚರ್ಚಿನ ಉಪದೇಶದಲ್ಲಿ, ಅಂದರೆ ಪ್ರಸಂಗದಲ್ಲಿ, ವಿಷಯ ಎತ್ತಿದರು, ಶಾಲಾಮಕ್ಕಳಿಗೆ ಪರಿಸರ ಸಂಘಗಳಾದವು. 2013ರಲ್ಲಿ ಬಲೆ ಬೀಳಲಿಲ್ಲ. ಅದೇ ನವೆಂಬರಿನಲ್ಲಿ ಮೂರು ಹಕ್ಕಿಗಳ ಬೆನ್ನಿಗೆ 5 ಗ್ರಾಂ ತೂಕದ ಸೌರ ಟ್ರಾನ್ಸ್‌ಮಿಟರ್ ಕಟ್ಟಿ, ನಾಗಾ, ವೋಖಾ, ಪಾಂಗ್ತಿ ಎಂದು ಹೆಸರಿಟ್ಟು ಬಿಟ್ಟರು. ಊರಿನ ಹೆಸರು ಹೊತ್ತ ಹಕ್ಕಿ ಆಫ್ರಿಕಾ ಮುಟ್ಟಿದ ಸುದ್ದಿ ಯಾವ ಭಿತ್ತಿಪತ್ರಕ್ಕಿಂತಲೂ ಹೆಚ್ಚು ಕೆಲಸ ಮಾಡಿತು.

ಬೇಟೆಯಾಡುವ ಸಮಾಜದೊಂದಿಗೆ ಮಾತಾಡಬೇಕೆನ್ನುವ ಕ್ರೈಸ್ತರು ಬೈಬಲಿನ ಧರ್ಮೋಪದೇಶಕಾಂಡದ 22ನೇ ಅಧ್ಯಾಯದಿಂದ ಶುರುಮಾಡುವುದು ಒಳ್ಳೆಯದು. ದಾರಿಯಲ್ಲಿ ಗೂಡು ಸಿಕ್ಕರೆ ಮರಿಗಳೊಂದಿಗೆ ತಾಯಿಯನ್ನೂ ಹಿಡಿಯಬೇಡ, ತಾಯಿಯನ್ನು ಬಿಟ್ಟುಬಿಡು ಎಂಬ ಆಜ್ಞೆ ಅಲ್ಲಿದೆ. ಮಾಂಸ ತಿನ್ನುವುದೇ ಪಾಪವೆಂದು ಅದು ಹೇಳುವುದಿಲ್ಲ. ಸಂತಾನದ ಬುಡಕ್ಕೆ ಕೈಹಾಕಬೇಡ ಎನ್ನುತ್ತದೆ, ಅದು ಬೇಟೆಗಾರನಿಗೆ ತಕ್ಷಣ ಅರ್ಥವಾಗುತ್ತದೆ. ಯೆರೆಮೀಯ 8:7ರಲ್ಲಿ ವಲಸೆ ಹಕ್ಕಿ ತನ್ನ ಕಾಲವನ್ನು ಬಲ್ಲದು ಎಂಬ ಮಾತಿದೆ. ಅದನ್ನು ಅಕ್ಟೋಬರಿನಲ್ಲಿ ದೊಯಾಂಗ್ ದಡದಲ್ಲಿ ಓದಿದರೆ ವ್ಯಾಖ್ಯಾನ ಬೇಡ. ತಂದೆಯ ಅರಿವಿಲ್ಲದೆ ಒಂದೂ ನೆಲಕ್ಕೆ ಬೀಳದೆಂದು ಯೇಸು ಹೇಳಿದ ಮತ್ತಾಯನ 10ನೇ ಅಧ್ಯಾಯದ ಗುಬ್ಬಿಗಳೂ ಸಂತೆಯಲ್ಲಿ ಕಾಸಿಗೆ ಮಾರಾಟವಾಗುತ್ತಿದ್ದವೇ. ಸೃಷ್ಟಿಯ ಕಾಳಜಿಯನ್ನು ಹೊರಗಿನಿಂದ ತಂದು ವಿಶ್ವಾಸಕ್ಕೆ ಅಂಟಿಸಬೇಕಾಗಿಲ್ಲ ಎಂಬುದು ನಮ್ಮ ದೃಢ ನಂಬಿಕೆ.

ಆದರೆ ಪ್ರಸಂಗದಿಂದ ಅಕ್ಕಿ ಬರುವುದಿಲ್ಲ. ಹಕ್ಕಿ ತಂಗುವ ಮರಗಳ ಜಮೀನಿನವರು ಆ ಜಾಗವನ್ನು ಹಾಗೇ ಬಿಡಬೇಕು, ಹಿಂದೆ ಹಿಡಿಯುತ್ತಿದ್ದವರು ವರಮಾನ ಬಿಟ್ಟಿದ್ದಾರೆ. ಪ್ರವಾಸಿಗರ ಹಣವೋ ಕೆಲವೇ ವಾರಗಳದ್ದು, ಕೆಲವೇ ಮನೆಗಳಿಗೆ. ಹಾಗಾಗಿ ಊರಿನ ಮನೆಯಲ್ಲೇ ಉಳಿಯಿರಿ, ಊರಿನ ಹುಡುಗರನ್ನೇ ಮಾರ್ಗದರ್ಶಿಗಳಾಗಿ ಕರೆದೊಯ್ಯಿರಿ, ಹಕ್ಕಿ ಕಡಿಮೆ ಕಂಡಿತೆಂದು ಹಣದಲ್ಲಿ ಚೌಕಾಸಿ ಮಾಡಬೇಡಿ. ಡ್ರೋನ್, ಫ್ಲ್ಯಾಶ್, ಟಾರ್ಚ್ ಬೇಡ. ಕತ್ತಲಲ್ಲಿ ಬೆದರಿ ಎದ್ದ ಹಕ್ಕಿ ಮರುದಿನಕ್ಕಿಟ್ಟ ಶಕ್ತಿಯನ್ನು ಆಗಲೇ ಖರ್ಚುಮಾಡುತ್ತದೆ.

ಹಕ್ಕಿಗಳು ಪ್ರತಿವರ್ಷ ಒಂದೇ ಸಂಖ್ಯೆಯಲ್ಲಿ, ಒಂದೇ ಮರಗಳಿಗೆ ಬರುವುದಿಲ್ಲ. ಹೊರಡುವ ಮುನ್ನ ಫೋನ್ ಮಾಡಿ ವಿಚಾರಿಸಿ. ಪಾಂಗ್ತಿಯಲ್ಲಿ ಕಡಿಮೆಯಿದ್ದರೆ ಲಾಂಗ್‌ಲೆಂಗ್ ಜಿಲ್ಲೆಯ ಯಾಂಗ್ಯಿಮ್‌ಚೆನ್‌ನಲ್ಲಿಯೂ ವಿಚಾರಿಸಬಹುದು, ಅಲ್ಲಿನ ಫೋಮ್ ಜನ ತಮ್ಮ ಕಾಡನ್ನು ತಾವೇ ಸಮುದಾಯ ಸಂರಕ್ಷಿತ ಪ್ರದೇಶವಾಗಿ ಕಾಯುತ್ತಿದ್ದಾರೆ.