ಅಪು ರೈಲು ಬಿಟ್ಟಿದ್ದು

ಕೊಪ್ಪಳ, 14 ಜೂನ್ 2025, ಶನಿವಾರ

‘ಮಾಮಾ, ಅಂವಗ ಅವ್ವ ಬೇಕಾಗಿದ್ಲೋ, ಬ್ಯಾಡಾಗಿದ್ಲೋ?’

ಅಕ್ಕನ ಮಗ ನಿನ್ನೆ ರಾತ್ರಿ ಕೇಳಿದ್ದು. ಇವತ್ತು ಇಡೀ ದಿನ ಅದೇ ತಲೆಯಲ್ಲಿ.

ಇಬ್ಬರೂ ಕೂತು ಸತ್ಯಜಿತ್ ರಾಯ್ ಅವರ ‘ಅಪರಾಜಿತೊ’ ನೋಡಿದ್ದೆವು. 1956ರ ಬಂಗಾಳಿ ಚಿತ್ರ. ಮರುವರ್ಷ ವೆನಿಸ್ ಚಿತ್ರೋತ್ಸವದಲ್ಲಿ ದೊಡ್ಡ ಪ್ರಶಸ್ತಿಯನ್ನೇ ಗೆದ್ದಿತು, ಆದರೆ ಕಲ್ಕತ್ತೆಯವರಿಗೇ ಅಷ್ಟಾಗಿ ಹಿಡಿಸಲಿಲ್ಲ. ತಾಯಿ–ಮಗನನ್ನು ಹೀಗೂ ತೋರಿಸಬಹುದಾ ಅಂತ ಜನಕ್ಕೆ ಕಸಿವಿಸಿ. ಹೆಡ್ಮಾಸ್ತರು ಕೊಟ್ಟ ಗ್ಲೋಬು ಹಿಡಿದು ಚಿತ್ರದ ಹುಡುಗ ಅಪು ಓದಲು ಹಳ್ಳಿಯಿಂದ ಕಲ್ಕತ್ತೆಗೆ ಹೋಗುತ್ತಾನೆ. ರಾತ್ರಿ ಪ್ರೆಸ್ಸಿನಲ್ಲಿ ದುಡಿತ, ಹಗಲು ಕ್ಲಾಸಿನಲ್ಲಿ ತೂಕಡಿಕೆ. ರಜೆಗೆ ಊರಿಗೆ ಬಂದಾಗ ತಾಯಿ ಸರ್ವಜಯಾ ಕತ್ತಲಲ್ಲಿ ಮಾತಾಡುತ್ತಾ, ನನಗೆ ಜಡ್ಡಾದರೆ ನಿನ್ನ ದುಡ್ಡಲ್ಲಿ ತೋರಿಸ್ತೀಯಾ ಅಂತ ಕೇಳುತ್ತಾಳೆ. ಉತ್ತರ ಬರುವುದಿಲ್ಲ. ಹುಡುಗ ನಿದ್ದೆ ಹೋಗಿರುತ್ತಾನೆ.

ಅಕ್ಕನಿಗೆ ಶುಗರ್ ಇದೆ. ಅಲ್ಲಿ ನಾನು ಅವನ ಮುಖ ನೋಡಲಿಲ್ಲ.

ಮತ್ತೆ ಆ ಸ್ಟೇಷನ್ನಿನ ದೃಶ್ಯ. ರೈಲು ಬಂದು ನಿಂತರೂ ಅಪು ಹತ್ತುವುದಿಲ್ಲ. ಮನೆಗೆ ಬಂದು, ರೈಲು ತಪ್ಪಿತು ಅನ್ನುತ್ತಾನೆ. ಅಷ್ಟೇ, ಒಂದೇ ಒಂದು ದಿನ. ಅದೇ ಹುಡುಗ ಆಮೇಲೆ ಪರೀಕ್ಷೆ ಇದೆ ಅಂತ ಕಾಗದ ಬರೆದು ಬರದೇ ಉಳಿಯುತ್ತಾನೆ. ಬರುವಷ್ಟರಲ್ಲಿ ತಾಯಿ ಇಲ್ಲ.

‘ಎರಡೂ ಖರೇನ ಇರಬಹುದಲ್ಲೋ’ ಅಂದೆ.

‘ಎರಡೂ ಹೆಂಗ ಖರೇ ಇರ್ತಾವ ಮಾಮಾ?’

ಸ್ವಲ್ಪ ಹೊತ್ತು ಸುಮ್ಮನಿದ್ದು ಅವನೇ ಅಂದ: ‘ನನಗೂ ಹಂಗ ಆಗೇತಿ. ಬೆಂಗಳೂರಿಗೆ ಹೋಗಬೇಕು ಅನಸ್ತದ. ಅವ್ವ ರೊಟ್ಟಿ ಕಟ್ಟಾಕ ಕುಂತ್ಲಂದ್ರ ಸಿಟ್ಟ ಬರ್ತದ. ಯಾರ ಮ್ಯಾಲೆ ಅಂತ ತಿಳಿವಲ್ದು.’

ಇಪ್ಪತ್ತೆರಡರ ಹುಡುಗ ಇಷ್ಟು ಸ್ಪಷ್ಟವಾಗಿ ತನ್ನ ಗೊಂದಲ ಹೇಳಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಮನೆಗೆ ಬಂದವರೆಲ್ಲ ಅವನನ್ನು ಕೇಳುವುದು ಪಗಾರ ಎಷ್ಟು, ಹೋಗ್ತಿಯೋ ಇಲ್ಲೋ, ಇಷ್ಟೇ. ಗೊತ್ತಿಲ್ಲ ಅಂದರೆ ಬುದ್ಧಿ ಬೆಳೆದಿಲ್ಲ ಅನ್ನುತ್ತಾರೆ. ನನಗೆ ಇದಕ್ಕೇ ಹೊಟ್ಟೆ ಉರಿಯುತ್ತದೆ. ರಾಯ್ ಅವರು ಅಪುವಿಗೆ ಎಲ್ಲಿಯೂ ಹಾಗೆ ಗದರುವುದಿಲ್ಲ. ಕೊನೆಯಲ್ಲಿ ಅಜ್ಜ ಇಲ್ಲೇ ಇರು ಅಂದರೂ ಹುಡುಗ ಗಂಟು ಹಿಡಿದು ಹೊರಡುತ್ತಾನೆ, ತಾಯಿಯ ಕರ್ಮ ಕಲ್ಕತ್ತೆಯ ಕಾಳಿಘಾಟಿನಲ್ಲಿ ಮಾಡ್ತೀನಿ ಅನ್ನುತ್ತಾನೆ. ಅದು ಧೈರ್ಯವೋ, ಓಡಿಹೋಗುವುದೋ? ಚಿತ್ರ ಹೇಳುವುದಿಲ್ಲ. ಹೇಳದೇ ಇದ್ದದ್ದಕ್ಕೇ ಅವನು ನನಗೆ ನಮ್ಮ ಮನೆಯ ಹುಡುಗನ ಹಾಗೆ ಕಾಣುತ್ತಾನೆ.

ಸಂಜೆ ಹೊಸದೇನೂ ಆಗಲಿಲ್ಲ. ಮೋಡ ಕಟ್ಟಿ ಹಾಗೇ ಹೋಯಿತು, ಕರೆಂಟೂ ಹೋಯಿತು.

ಅಕ್ಕನ ಮಗನಿಗೆ ಬೆಂಗಳೂರಿಗೆ ಹೋಗಲು ಹಂಪಿ ಎಕ್ಸ್‌ಪ್ರೆಸ್ಸಿಗೆ ಗುರುವಾರದ ಟಿಕೆಟ್ ಆಗಿದೆ. ಈಗ ಅಕ್ಕ ಫೋನ್ ಮಾಡಿದ್ದಳು. ‘ನಿನ್ನ ಮಾತು ಕೇಳ್ತಾನ, ನೀನರ ಹೋಗಂತ ಹೇಳೋ’ ಅಂದಳು. ಅವನು ಹೋಗಲಿ ಅಂತ ಅವಳಿಗೆ ಇದೆಯಾ, ಅಥವಾ ನಾನು ‘ಬ್ಯಾಡ’ ಅನ್ನಲಿ ಅಂತ ಕಾಯ್ತಿದ್ದಾಳಾ? ಕೇಳಬೇಕು ಅಂದುಕೊಂಡೆ, ಅಷ್ಟರಲ್ಲಿ ಅವಳು ಚಟ್ನಿಪುಡಿಗೆ ಶೇಂಗಾ ಹುರಿಯೋದಿದೆ ಅಂತ ಫೋನ್ ಇಟ್ಟಳು.