ಬೋರ್ಡಿನ ಮೇಲೆ ಬರೆದವನು

ನಮ್ಮ ಕಾಲೇಜಿನಲ್ಲಿ ಪಾದ್ರಿಗಳು ಐದಾರು ಮಂದಿ ಇದ್ದರು. ಆದರೆ ಬರೀ ‘ಫಾದರ್’ ಅಂದರೆ ಫಿಸಿಕ್ಸ್ ಫಾದರ್ ಒಬ್ಬರೇ. ಅವರ ನಿಲುವಂಗಿಯ ಜೇಬಿನಲ್ಲಿ ಜಪಮಾಲೆ, ಅದರ ಜೊತೆಗೇ ಒಂದು ಪ್ರಿಸಂ. ಕರ್ಚೀಫು ಎಳೆದರೆ ಮೂರೂ ಒಟ್ಟಿಗೆ ಹೊರಗೆ ಬರುತ್ತಿದ್ದವು. ಹೋದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು.

ಅವರು ಮಾಡಿದ ಪಾಠದಲ್ಲಿ ಒಂದು ಸೂತ್ರವೂ ಈಗ ನೆನಪಿಲ್ಲ. ಆ ವರ್ಷ ಫಿಸಿಕ್ಸ್‌ನಲ್ಲಿ ಕಾಲೇಜಿಗೆ ನಾನೇ ಫಸ್ಟ್. ಸುಮ್ನೆ ಹೇಳಿದೆ, ಅಷ್ಟೇ.

1980ರ ಮಾತು. ಎರಡನೇ ಪಿಯುಸಿ. ಒಂದು ದಿನ ಫಾದರ್ ಬರುವ ಮೊದಲೇ ಯಾರೋ ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ ಬರೆದಿದ್ದರು: ‘ಆದರೂ ಭೂಮಿ ತಿರುಗುತ್ತದೆ! ಇಂತಿ, ಗೆಲಿಲಿಯೋ.’ ಫಾದರ್ ಒಳಗೆ ಬಂದರು, ಓದಿದರು. ಡಸ್ಟರ್ ಮುಟ್ಟಲಿಲ್ಲ.

‘ಗೆಲಿಲಿಯೋ ಈ ಮಾತು ಆಡಿದ ಅನ್ನೋದಕ್ಕೆ ಗಟ್ಟಿ ಸಾಕ್ಷಿ ಇಲ್ಲ. 1633ರಲ್ಲಿ ನಾವು ಚರ್ಚಿನವರು ಅವನಿಗೆ ಶಿಕ್ಷೆ ಕೊಟ್ಟದ್ದಕ್ಕೆ ಬೇಕಾದಷ್ಟು ಇದೆ. ಅದನ್ನು ಬರೆದಿದ್ದರೆ ಮಾರ್ಕ್ಸ್ ಕೊಡುತ್ತಿದ್ದೆ. ಯಾರು ಬರೆದದ್ದು?’

ಯಾರೂ ಏಳಲಿಲ್ಲ. ‘ನಾವು’ ಅಂದರಲ್ಲ, ಅದು ಮಾತ್ರ ನನ್ನ ಕಿವಿಯಲ್ಲಿ ಉಳಿಯಿತು.

ಶಿಕ್ಷೆ ಇಡೀ ಕ್ಲಾಸಿಗೆ. ರಾತ್ರಿ ಎಂಟಕ್ಕೆ ತಾರಸಿಯ ಮೇಲೆ ಹಾಜರಾಗಬೇಕು. ಅವತ್ತು ದಶಮಿ, ಒಳ್ಳೆ ಬೆಳದಿಂಗಳು. ಮಂಗಳೂರಿನ ಸೊಳ್ಳೆಗಳಿಗೆ ಹಬ್ಬ. ಹಳೇ ದೂರದರ್ಶಕದ ಹಿಂದೆ ಅರವತ್ತು ಜನರ ಕ್ಯೂ.

‘ಚಂದ್ರನ ಮೇಲ್ಗಡೆ ದೊಡ್ಡ ಕುಳಿ ಕಂಡಿತಾ?’ (ಆ ದೂರದರ್ಶಕದಲ್ಲಿ ಎಲ್ಲವೂ ತಲೆಕೆಳಗು.) ‘ಅದು ಕ್ಲೇವಿಯಸ್. ನಮ್ಮ ಜೆಸ್ವಿಟ್ ಸಂಘದ ಒಬ್ಬ ಪಾದ್ರಿಯ ಹೆಸರು. 1582ರಲ್ಲಿ ಕ್ಯಾಲೆಂಡರಿನಿಂದ ಹತ್ತು ದಿನ ಹಾರಿಸಿದರಲ್ಲ, ಆ ಲೆಕ್ಕದಲ್ಲಿ ಇವನ ಕೈ ಇದೆ. ಈಗ ಇಲ್ಲಿ ನೋಡು, ಕೋಪರ್ನಿಕಸ್. 1651ರಲ್ಲಿ ಹೆಸರಿಟ್ಟವನೂ ನಮ್ಮವನೇ, ರಿಚೋಲಿ ಅಂತ. ಭೂಮಿಯೇ ಸೂರ್ಯನ ಸುತ್ತ ತಿರುಗುತ್ತದೆ ಅಂತ ಕೋಪರ್ನಿಕಸ್ ಹೇಳಿದ್ದನ್ನು ಅವನು ಒಪ್ಪಿರಲಿಲ್ಲ. ಆದರೂ ಎಂಥ ಸೈಟು ಕೊಟ್ಟಿದ್ದಾನೆ ನೋಡು ಮಾರಾಯ!’

ನನ್ನ ಸರದಿ ಬಂದಾಗ ಜಾಣತನ ತೋರಿಸಲು ಹೋದೆ. ‘ಫಾದರ್, ಬಿಗ್ ಬ್ಯಾಂಗ್‌ನಿಂದ ವಿಶ್ವ ಶುರುವಾಯ್ತು ಅಂದರೆ ದೇವರ ಸೃಷ್ಟಿಗೆ ಪ್ರೂಫ್ ಸಿಕ್ಕಿದ ಹಾಗೇ ಅಲ್ವಾ?’ ಖುಷಿಪಡುತ್ತಾರೆ ಅಂದುಕೊಂಡಿದ್ದೆ.

‘ಬೇಡ’ ಅಂದರು. ‘ಆ ಲೆಕ್ಕ ಶುರು ಮಾಡಿದ್ದೇ ಬೆಲ್ಜಿಯಂನ ಒಬ್ಬ ಪಾದ್ರಿ, ಲೆಮೈತ್ರ್. ವಿಶ್ವ ಹಿಗ್ಗುತ್ತಿದೆ ಅಂತ 1927ರಲ್ಲೇ ಬರೆದ. 1951ರಲ್ಲಿ ಪೋಪ್ ಸ್ವಾಮಿಯವರೂ ಹೆಚ್ಚುಕಮ್ಮಿ ನಿನ್ನ ಹಾಗೇ ಮಾತಾಡಿದರು. ಲೆಮೈತ್ರ್‌ಗೆ ಅದು ಹಿಡಿಸಲಿಲ್ಲ. ಯಾಕೆ ಹೇಳು? ನಾಳೆ ಯಾರೋ ಲೆಕ್ಕ ತಿದ್ದಿದರೆ ದೇವರನ್ನು ಎಲ್ಲಿಗೆ ಕಳಿಸುತ್ತೀಯ?’

ಮರುದಿನ ಬೆಳಿಗ್ಗೆ ಆರಕ್ಕೆ ಅವರೇ ಚಾಪೆಲ್‌ನಲ್ಲಿ ಪೂಜೆ ಮಾಡುತ್ತಿದ್ದರು. ಹಾಸ್ಟೆಲ್ ಕಿಟಕಿಯಿಂದ ಕಾಣುತ್ತಿತ್ತು. ಒಂಬತ್ತಕ್ಕೆ ಪ್ರಿಸಂ ಹಿಡಿದು ಕ್ಲಾಸಿನಲ್ಲಿ. ಎರಡಕ್ಕೂ ನಡುವೆ ಅವರು ಗಡಿಬಿಡಿಯಲ್ಲಿ ಇದ್ದದ್ದನ್ನು ನಾನು ನೋಡಲಿಲ್ಲ.

ನನ್ನ ಮಗಳು ಕೋಚಿಂಗ್‌ಗೆ ಹೋಗುತ್ತಿದ್ದಾಗ ಇಂಥದ್ದೇ ಪ್ರಶ್ನೆ ಕೇಳಿದಳಂತೆ. ‘ಔಟ್ ಆಫ್ ಸಿಲಬಸ್’ ಅಂದರಂತೆ. ಸಿಟ್ಟು ಬಂತು. ಆದರೆ ಆ ಫೀಸು ಕಟ್ಟಿದವನೂ ನಾನೇ.

1992ರ ಅಕ್ಟೋಬರ್ 31ರಂದು ಪೋಪ್ ಎರಡನೇ ಜಾನ್ ಪಾಲ್ ಅವರು ಗೆಲಿಲಿಯೋ ವಿಷಯದಲ್ಲಿ ಅಂದಿನವರು ತಪ್ಪಿದ್ದರು ಅಂತ ಒಪ್ಪಿಕೊಂಡರು. ಅದಾಗಿ ಎರಡು ವಾರಕ್ಕೆ ನನ್ನ ಬೆಂಗಳೂರಿನ ರೂಮಿಗೆ ಒಂದು ಪೋಸ್ಟ್‌ಕಾರ್ಡ್ ಬಂತು. ಫಾದರ್ ಅವರ ಗುಂಡು ಅಕ್ಷರ.

‘ಪೇಪರ್ ನೋಡಿದೆಯಾ? ರೋಮಿನವರು ಒಪ್ಪಿಕೊಳ್ಳಲು 359 ವರ್ಷ ತೆಗೆದುಕೊಂಡರು. ಬೋರ್ಡಿನ ಮೇಲೆ ಬರೆದವನಿಗೆ ಇನ್ನೂ ಟೈಮಿದೆ.’

ಕ್ಲಾಸಿನ ಹಳೇ ಗೆಳೆಯರನ್ನೆಲ್ಲ ವಿಚಾರಿಸಿದೆ. ಕಾರ್ಡು ಬೇರೆ ಯಾರಿಗೂ ಬಂದಿರಲಿಲ್ಲ.