ಅಂಗನವಾಡಿಯಲ್ಲಿ ಊಟ ಬಿಟ್ಟು ಇನ್ನೇನು ಕೊಡ್ತಾರೆ?

ಅಂಗನವಾಡಿ ಟೀಚರ್‌ಗಳಿಗೆ ತರಬೇತಿ ಕೊಡುವುದು ನನ್ನ ಕೆಲಸ. ಅದನ್ನು ಹೇಳಿದ ತಕ್ಷಣ, ಮದುವೆ ಮನೆಯಾಗಲಿ ಬಸ್ಸಾಗಲಿ, ಎದುರಿಗಿರುವವರು ಕೇಳುವ ಮಾತು ಒಂದೇ: “ಅಲ್ಲಿ ಊಟ ಹಾಕೋದು ಬಿಟ್ಟು ಇನ್ನೇನು ಮಾಡ್ತಾರೆ?” ಹಂಗಿಸಬೇಕು ಅಂತ ಕೇಳುವವರು ಕಡಿಮೆ. ಹೆಚ್ಚಿನವರು ಕಂಡದ್ದನ್ನು ಕೇಳುತ್ತಾರೆ. ದಾರಿಯಲ್ಲಿ ಹೋಗುವವರ ಕಣ್ಣಿಗೆ ಬೀಳುವುದು ತಟ್ಟೆ ಮುಂದೆ ಕೂತ ಮಕ್ಕಳು, ಸೀಟಿ ಹಾಕುವ ಕುಕ್ಕರ್, ಪೊಟ್ಟಣ ಹಿಡಿದು ಹೋಗುವ ತಾಯಂದಿರು. ಪಾಠ ಹೊರಗಿನವರಿಗೆ ಕಾಣುವುದಿಲ್ಲ.

ಅಂಗನವಾಡಿ ಹುಟ್ಟಿದ್ದು ಶಾಲೆಯಾಗಿ. ಆಮೇಲೆ ಅದರ ತಲೆಯ ಮೇಲೆ ಒಂದೊಂದೇ ಕೆಲಸ ಹೇರುತ್ತಾ ಹೋದರು. ಪಾಠಕ್ಕೆ ಹೊತ್ತು ಸಿಗದ ಹಾಗಾಯಿತು. ಇದಿಷ್ಟೇ ನನ್ನ ಉತ್ತರ. ಆದರೆ ಹಾಗೆ ಹೇಳಿದರೆ ಯಾರೂ ನಂಬುವುದಿಲ್ಲ, ಅದಕ್ಕೇ ಕಥೆಯನ್ನು ಮೊದಲಿನಿಂದ ಹೇಳುತ್ತೇನೆ.

1920ರಲ್ಲಿ ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಒಂದು ಬಾಲಮಂದಿರ ಶುರು ಮಾಡಿದರು. ಅವರು ವಕೀಲರಾಗಿದ್ದವರು. ಮಕ್ಕಳನ್ನು ಹೊಡೆಯದೆ, ಹೆದರಿಸದೆ, ಆಟದಲ್ಲೇ ಕಲಿಸಬಹುದು ಅನ್ನುವುದು ಅವರ ನಂಬಿಕೆ. ಕೆಲವೇ ವರ್ಷಗಳಲ್ಲಿ ತಾರಾಬಾಯಿ ಮೋಡಕ್ ಅವರ ಜೊತೆಗೂಡಿದರು. 1926ರಲ್ಲಿ ಇಬ್ಬರೂ ಸೇರಿ ನೂತನ ಬಾಲ ಶಿಕ್ಷಣ ಸಂಘ ಕಟ್ಟಿದರು. ಇದೆಲ್ಲ ಒಳ್ಳೆಯದೇ. ಆದರೆ ಆ ಕಾಲದ ಬಾಲಮಂದಿರಗಳು ಹೆಚ್ಚಾಗಿ ಪೇಟೆಯಲ್ಲಿದ್ದವು, ಅನುಕೂಲಸ್ಥರ ಮಕ್ಕಳೇ ಬರುತ್ತಿದ್ದರು. ಅಲ್ಲಿ ಬಳಸುತ್ತಿದ್ದ ಮಾಂಟೆಸ್ಸರಿ ಕಲಿಕೆಯ ಸಾಮಾನುಗಳೂ ದುಬಾರಿಯೇ.

ತಾರಾಬಾಯಿಯವರಿಗೆ ಇದು ಸರಿ ಕಾಣಲಿಲ್ಲ. 1945ರಲ್ಲಿ ಅವರು ಮುಂಬೈನಿಂದ ಉತ್ತರಕ್ಕೆ ಸಮುದ್ರದಂಡೆಯಲ್ಲಿರುವ ಬೋರ್ಡಿ ಅನ್ನುವ ಊರಿಗೆ ಹೋದರು. ಜೊತೆಗೆ ಅನುತಾಯಿ ವಾಘ್. ಅನುತಾಯಿ ಬಾಲ್ಯದಲ್ಲೇ ಗಂಡನನ್ನು ಕಳೆದುಕೊಂಡು, ಛಲದಿಂದ ಓದಿ ಟೀಚರ್ ಆದವರು. ಇಬ್ಬರೂ ಸೇರಿ ಊರಲ್ಲಿ ಶಾಲೆ ತೆರೆದರು. ದಲಿತರ ಕೇರಿಯ ಮಕ್ಕಳು ಬರಲಿಲ್ಲ. ಬರುವುದಾದರೂ ಹೇಗೆ? ತಂದೆ ತಾಯಿ ಕೂಲಿಗೆ ಹೋದರೆ ದೊಡ್ಡ ಮಕ್ಕಳು ಸಣ್ಣವರನ್ನು ನೋಡಿಕೊಳ್ಳಬೇಕು.

ಆಗ ಇವರು ಶಾಲೆಯನ್ನೇ ಎತ್ತಿಕೊಂಡು ಕೇರಿಗೆ ಹೋದರು. ಮನೆ ಮುಂದಿನ ಅಂಗಳವನ್ನೇ ಗುಡಿಸಿ, ಅಲ್ಲೇ ಮಕ್ಕಳನ್ನು ಕೂರಿಸಿಕೊಂಡರು. ಅಂಗನವಾಡಿ ಅನ್ನುವ ಹೆಸರು ಬಂದದ್ದು ಅಲ್ಲಿಂದ. ದುಬಾರಿ ಆಟಿಕೆ ಬದಲು ಚಿಪ್ಪು, ಬೆಣಚುಕಲ್ಲು, ಎಲೆ, ಬೀಜ ಬಂದವು. ಆಮೇಲೆ 1957ರಲ್ಲಿ ಕೋಸಬಾಡ್ ಗುಡ್ಡಕ್ಕೆ ಹೋಗಿ ವಾರ್ಲಿ ಆದಿವಾಸಿ ಮಕ್ಕಳ ನಡುವೆ ಕೆಲಸ ಮುಂದುವರಿಸಿದರು. ದನ ಕಾಯಲು ಹೋಗುವ ಮಕ್ಕಳಿಗೆ ಹುಲ್ಲುಗಾವಲಿನಲ್ಲೇ ಪಾಠ ಮಾಡಿದ್ದೂ ಉಂಟು.

ತರಬೇತಿಗೆ ಬರುವ ಟೀಚರ್‌ಗಳಿಗೆ ನಾನು ತಪ್ಪದೆ ಹೇಳುವ ಒಂದು ಸಂಗತಿ ಇಲ್ಲಿದೆ. ಬೋರ್ಡಿಯಲ್ಲಿ ಬೆಳಗಿನ ಮೊದಲ ಕೆಲಸ ಹಾಡೂ ಅಲ್ಲ, ಅಕ್ಷರವೂ ಅಲ್ಲ. ಮಕ್ಕಳ ಮುಖ ತೊಳೆಸುವುದು, ಸ್ನಾನ ಮಾಡಿಸುವುದು. ಹಸಿದವರಿಗೆ ತಿನ್ನಲು ಕೊಡುವುದೂ ಅದರ ಜೊತೆಗೇ ನಡೆಯುತ್ತಿತ್ತು. ಅವರು ಇದನ್ನೆಲ್ಲ ಶಾಲೆಯ ಭಾಗ ಅಂತಲೇ ಎಣಿಸಿದ್ದರು. ಊಟ ಒಂದು ಕಡೆ, ಪಾಠ ಇನ್ನೊಂದು ಕಡೆ ಅನ್ನುವ ಭೇದ ಅಲ್ಲಿ ಇರಲಿಲ್ಲ. ಈ ಭೇದ ಮಾಡಿದ್ದು ಫೈಲುಗಳು.

ಸರ್ಕಾರ ನಿಧಾನವಾಗಿ ಬಂತು. 1953ರಲ್ಲಿ ದುರ್ಗಾಬಾಯಿ ದೇಶಮುಖ್ ಅವರ ಮುಂದಾಳ್ತನದಲ್ಲಿ ಕೇಂದ್ರ ಸಮಾಜ ಕಲ್ಯಾಣ ಮಂಡಳಿ ಬಂದ ಮೇಲೆ ಬಾಲವಾಡಿಗಳಿಗೆ ಒಂದಷ್ಟು ನೆರವು ಸಿಕ್ಕಿತು. 1970ರ ಆಸುಪಾಸಿನಲ್ಲಿ ಪೌಷ್ಟಿಕ ಆಹಾರಕ್ಕೆ ಬೇರೆ ಬೇರೆ ಯೋಜನೆ ಬಂದವು. ಒಬ್ಬರು ಚುಚ್ಚುಮದ್ದು, ಇನ್ನೊಬ್ಬರು ಹಾಲು, ಮತ್ತೊಬ್ಬರು ಬಾಲವಾಡಿ. ಒಂದೇ ಮಗುವಿಗೆ ಮೂರೂ ಸಿಗುವ ಗ್ಯಾರಂಟಿ ಇರಲಿಲ್ಲ. 1974ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ಮಕ್ಕಳ ನೀತಿ ಬಂತು. ಮರುವರ್ಷ, 1975ರ ಅಕ್ಟೋಬರ್ 2ರಂದು, ಐಸಿಡಿಎಸ್ ಶುರುವಾಯಿತು. ನಮ್ಮಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಅಂತ ಬೋರ್ಡಿನ ಮೇಲೆ ಬರೆಯುತ್ತಾರಲ್ಲ, ಅದೇ. ಮೊದಲಿಗೆ ದೇಶದಲ್ಲಿ 33 ಪ್ರಾಜೆಕ್ಟ್ (ಅಂದರೆ ಒಂದೊಂದು ತಾಲ್ಲೂಕಿನಂಥ ಪ್ರದೇಶ), 4,891 ಅಂಗನವಾಡಿ. ಹಿಂದುಳಿದ ಹಳ್ಳಿಗಳು, ಆದಿವಾಸಿ ಪ್ರದೇಶಗಳು, ನಗರದ ಸ್ಲಮ್ಮುಗಳನ್ನು ಮೊದಲು ಆರಿಸಿಕೊಂಡರು. ಅಂಗಳದ ಶಾಲೆಯ ಹೆಸರು ದೇಶಕ್ಕೆಲ್ಲ ಹೋಯಿತು. ಆದರೆ ತಾರಾಬಾಯಿ ಅದನ್ನು ನೋಡಲಿಲ್ಲ, 1973ರಲ್ಲೇ ತೀರಿಕೊಂಡಿದ್ದರು.

ಕರ್ನಾಟಕದ ಪಾಲಿಗೆ ಬಂದ ಮೊದಲ ಪ್ರಾಜೆಕ್ಟ್ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಟಿ. ನರಸೀಪುರ ತಾಲ್ಲೂಕಿನಲ್ಲಿ 100 ಅಂಗನವಾಡಿಗಳಿಂದ ಶುರುವಾದದ್ದು ಇವತ್ತು ರಾಜ್ಯದಲ್ಲಿ 65 ಸಾವಿರ ದಾಟಿದೆ. ಆ ಕಡೆಯವರು ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳಬೇಕು. ಸಂಗಮದ ಜಾತ್ರೆ, ಕುಂಭಮೇಳ ಎಲ್ಲರಿಗೂ ಗೊತ್ತು, ಇದು ಮಾತ್ರ ಅಲ್ಲಿನವರಿಗೇ ಎಷ್ಟೋ ಜನಕ್ಕೆ ಗೊತ್ತಿಲ್ಲ.

ಯೋಜನೆಯಲ್ಲಿ ಆರು ಸೇವೆಗಳಿದ್ದವು. ಪೂರಕ ಪೌಷ್ಟಿಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಕಾಯಿಲೆ ಇದ್ದವರನ್ನು ಆಸ್ಪತ್ರೆಗೆ ಕಳಿಸುವುದು, ತಾಯಂದಿರಿಗೆ ತಿಳಿವಳಿಕೆ ಹೇಳುವುದು, ಮೂರರಿಂದ ಆರು ವರ್ಷದ ಮಕ್ಕಳಿಗೆ ಶಾಲಾಪೂರ್ವ ಶಿಕ್ಷಣ. ಕಾಗದದ ಮೇಲೆ ಇದು ಬಹಳ ಒಳ್ಳೆಯ ಯೋಚನೆ, ನಾನು ಈಗಲೂ ಹಾಗೇ ಅನ್ನುತ್ತೇನೆ. ಹೊಟ್ಟೆ ತುಂಬದ ಮಗುವಿಗೆ ಹಾಡು ಹತ್ತುವುದಿಲ್ಲ. ಚುಚ್ಚುಮದ್ದಿನ ಕೆಲಸಕ್ಕೆ ಆರೋಗ್ಯ ಇಲಾಖೆಯ ಸಿಸ್ಟರ್ ಬರುತ್ತಿದ್ದರು, ಸರಿ. ಉಳಿದದ್ದೆಲ್ಲ ಬಿದ್ದದ್ದು ಒಬ್ಬ ಕಾರ್ಯಕರ್ತೆ (ನಾನು ಟೀಚರ್ ಅನ್ನುವುದು ಇವರನ್ನೇ), ಒಬ್ಬ ಸಹಾಯಕಿಯ ಮೇಲೆ. ಮೊದಲಲ್ಲಿ ಕಾರ್ಯಕರ್ತೆಗೆ ತಿಂಗಳಿಗೆ ಕೊಡುತ್ತಿದ್ದದ್ದು 100 ರೂಪಾಯಿ, ಮೆಟ್ರಿಕ್ ಪಾಸಾಗಿದ್ದರೆ 150. ಸಹಾಯಕಿಗೆ 35. ಅದನ್ನು ಸಂಬಳ ಅನ್ನಲಿಲ್ಲ, ಗೌರವಧನ ಅಂದರು. ಊರಿನ ಹೆಣ್ಣುಮಗಳೊಬ್ಬಳು ಬಿಡುವಿನಲ್ಲಿ ಮಾಡುವ ಸೇವೆ ಅಂತ ಅಂದುಕೊಂಡರೋ ಏನೋ. ಆ ಅಂದಾಜು ಇವತ್ತಿಗೂ ಯೋಜನೆಯ ಬೆನ್ನು ಬಿಟ್ಟಿಲ್ಲ.

ಆಮೇಲೆ ಏನಾಯಿತು? ಊರಲ್ಲಿ ಒಬ್ಬಳು ಸರ್ಕಾರಿ ಲೆಕ್ಕಕ್ಕೆ ಸಿಗುತ್ತಾಳೆ ಅಂದ ಮೇಲೆ ಎಲ್ಲ ಕೆಲಸವೂ ಅವಳ ಹತ್ತಿರವೇ ಬಂತು. ಸ್ತ್ರೀಶಕ್ತಿ ಸಂಘ ಕಟ್ಟಿಸುವುದು ಅವಳೇ. ಭಾಗ್ಯಲಕ್ಷ್ಮಿ ಅರ್ಜಿ ತುಂಬುವುದು ಅವಳೇ. ಮತದಾರರ ಪಟ್ಟಿ, ಆ ಸರ್ವೆ, ಈ ಸರ್ವೆ. 2017ರಲ್ಲಿ ಮಾತೃಪೂರ್ಣ ಬಂದು ಗರ್ಭಿಣಿಯರು, ಬಾಣಂತಿಯರ ಬಿಸಿಯೂಟವೂ ಅಲ್ಲಿಗೇ ಸೇರಿತು. 2021ರಲ್ಲಿ ಪೋಷಣ್ ಟ್ರ್ಯಾಕರ್ ಆ್ಯಪ್. ಹಾಜರಿ, ತೂಕ, ಎತ್ತರ, ಕೊಟ್ಟ ಆಹಾರ, ಎಲ್ಲವೂ ಮೊಬೈಲಿಗೆ ಹೋಗಬೇಕು. ನೆಟ್‌ವರ್ಕ್ ಇಲ್ಲದ ಊರಲ್ಲೂ.

ಒಂದು ಬೆಳಿಗ್ಗೆಯದ್ದು ಹೇಳುತ್ತೇನೆ. ಚಾಮರಾಜನಗರ ಕಡೆಯ ಒಂದು ಅಂಗನವಾಡಿಯಲ್ಲಿ ನಾನು ಹಿಂದೆ ಗೋಡೆಗೊರಗಿ ಕೂತಿದ್ದೆ. ಟೀಚರ್ ಚಾಪೆ ಮೇಲೆ ಒಂದು ಮೊರ ಇಟ್ಟರು. ಅದರಲ್ಲಿ ಅವರೆಕಾಳು, ಹುಣಸೆ ಬೀಜ, ಹೊಂಗೆ ಬೀಜ, ಸೀತಾಫಲದ ಬೀಜ ಎಲ್ಲ ಬೆರೆಸಿದ್ದರು. “ಬೇರೆ ಬೇರೆ ಗುಡ್ಡೆ ಮಾಡಿ” ಅಂದರು, ಅಷ್ಟೇ. ಹೆಚ್ಚಿನ ಮಕ್ಕಳು ಬಣ್ಣ ನೋಡಿ ಆರಿಸಿದರು. ಒಬ್ಬಳು ಮಾತ್ರ ಹೊಂಗೆಯನ್ನೂ ದೊಡ್ಡ ಅವರೆಯನ್ನೂ ಒಂದೇ ಗುಡ್ಡೆಗೆ ಹಾಕಿದಳು. ಟೀಚರ್ ತಪ್ಪು ಅನ್ನಲಿಲ್ಲ.

“ಇವೆರಡೂ ಯಾಕ್ ಪುಟ್ಟಿ ಒಂದೇ ಕಡೆ?”

“ಇವು ದೊಡ್ಡೋವು ಮಿಸ್. ಅವು ಮರಿ.”

“ಓ, ಹಂಗಾ! ಹಂಗಾದ್ರೆ ಮರೀಲಿ ತೀರಾ ಮರಿ ಯಾವ್ದು ತೋರ್ಸು.”

ಪುಟ್ಟಿ ಹುಡುಕತೊಡಗಿದಳು. ನಾಲ್ಕು ವರ್ಷದ ಮಗು ಗಾತ್ರ ಹೋಲಿಸಿ, ಗುಂಪು ಮಾಡಿ, ಕಾರಣವನ್ನೂ ಹೇಳಿತು. ಮುಂದೆ ಒಂದನೇ ಕ್ಲಾಸಿನಲ್ಲಿ ಲೆಕ್ಕ ನಿಲ್ಲುವುದು ಇದರ ಮೇಲೆ. ಎರಡು ಬೆರಳಲ್ಲಿ ಹುಣಸೆ ಬೀಜ ಹಿಡಿಯುತ್ತಿದ್ದಳಲ್ಲ, ಅದೇ ಬೆರಳು ನಾಳೆ ಪೆನ್ಸಿಲ್ ಹಿಡಿಯುವುದು. ಅಷ್ಟರಲ್ಲಿ ಟೀಚರ್ ಫೋನ್ ಬಡಿದುಕೊಂಡಿತು. ಯಾವುದೋ ಎಂಟ್ರಿ ಬಾಕಿಯಂತೆ, ಮಧ್ಯಾಹ್ನದೊಳಗೆ ಹಾಕಬೇಕಂತೆ. ಅವರು ಎದ್ದು ಬಾಗಿಲ ಹತ್ತಿರ ಸಿಗ್ನಲ್ ಹುಡುಕುತ್ತಾ ನಿಂತರು. ಸಹಾಯಕಿ ಒಲೆ ಮೇಲೆ ಸಾಂಬಾರು ಇಟ್ಟಿದ್ದರು. ಪುಟ್ಟಿ ತೀರಾ ಮರಿ ಬೀಜ ಅಂಗೈಲಿ ಹಿಡಿದು ಟೀಚರ್ ಕಡೆ ನೋಡುತ್ತಲೇ ಇದ್ದಳು.

“ಏನು ಕಲಿಸ್ತಾರೆ” ಅಂತ ಕೇಳುವವರಿಗೆ ನಾನು ಈ ಬೆಳಿಗ್ಗೆಯನ್ನು ಪೂರ್ತಿ ಹೇಳುತ್ತೇನೆ, ಬೀಜವನ್ನೂ ಫೋನನ್ನೂ ಸೇರಿಸಿ. ಕಲಿಸಲು ಬರುವವರು ಇದ್ದಾರೆ. ಕಲಿಸಲು ಬಿಡುತ್ತಿಲ್ಲ.

ಇನ್ನು ಕೋರ್ಟಿನ ಕಥೆ. ಇದನ್ನು ತಿಳಿಯದೆ ಇವತ್ತಿನ ಅಂಗನವಾಡಿ ಅರ್ಥವಾಗುವುದಿಲ್ಲ. 2001ರಲ್ಲಿ ಗೋದಾಮುಗಳಲ್ಲಿ ಧಾನ್ಯ ತುಂಬಿ ತುಳುಕುತ್ತಿತ್ತು, ರಾಜಸ್ಥಾನದಲ್ಲಿ ಜನ ಹಸಿದಿದ್ದರು. ನಾಗರಿಕ ಹಕ್ಕುಗಳಿಗಾಗಿ ಕೆಲಸ ಮಾಡುವ ಪಿಯುಸಿಎಲ್ ಸಂಘಟನೆ ಸುಪ್ರೀಂ ಕೋರ್ಟಿಗೆ ಹೋಯಿತು. ಆಹಾರದ ಹಕ್ಕಿನ ಆ ಕೇಸಿನಲ್ಲಿ ಅಂಗನವಾಡಿಯ ಬಗ್ಗೆ ಒಂದರ ಹಿಂದೆ ಒಂದು ಆದೇಶ ಬಂದವು. ಪೌಷ್ಟಿಕ ಆಹಾರ ಒದಗಿಸಲು ಗುತ್ತಿಗೆದಾರರನ್ನು ಬಳಸಬೇಡಿ ಅಂತ 2004ರಲ್ಲಿ ಹೇಳಿತು. ಆಗ ದೇಶದಲ್ಲಿ ಸುಮಾರು 6 ಲಕ್ಷ ಅಂಗನವಾಡಿಗಳಿದ್ದವು. 2006ರ ಡಿಸೆಂಬರ್ 13ರಂದು, 2008ರ ಕೊನೆಯೊಳಗೆ 14 ಲಕ್ಷ ಆಗಬೇಕು ಅಂತ ಗಡುವು ಕೊಟ್ಟಿತು. ಆರು ವರ್ಷದೊಳಗಿನ 40 ಮಕ್ಕಳಿದ್ದು ಅಂಗನವಾಡಿ ಇಲ್ಲದ ಹಳ್ಳಿ, ಸ್ಲಮ್ಮುಗಳ ಜನ ಕೇಳಿದರೆ ಮೂರು ತಿಂಗಳಲ್ಲಿ ತೆರೆಯಬೇಕು ಅಂದಿತು. ಬಡವರ ಮಕ್ಕಳಿಗೆ ಸರ್ಕಾರ ದಯೆಯಿಂದ ಕೊಡುತ್ತಿದ್ದದ್ದು ಅವತ್ತು ಕೇಳಿ ಪಡೆಯುವ ಹಕ್ಕಾಯಿತು. 2013ರ ಆಹಾರ ಭದ್ರತಾ ಕಾಯ್ದೆ ಇದನ್ನೇ ಕಾನೂನಾಗಿಸಿತು.

ಅದೇ 2006ರ ಅದೇ ಡಿಸೆಂಬರ್‌ನಲ್ಲಿ ಅದೇ ಸುಪ್ರೀಂ ಕೋರ್ಟ್ ಇನ್ನೊಂದು ತೀರ್ಪು ಕೊಟ್ಟಿತು. ಅದು ನಮ್ಮ ರಾಜ್ಯದ ಕೇಸು, ಕರ್ನಾಟಕ ಸರ್ಕಾರ ಮತ್ತು ಅಮೀರ್‌ಬಿ. ಅಂಗನವಾಡಿ ಕಾರ್ಯಕರ್ತೆಯರದ್ದು ಸರ್ಕಾರಿ ಹುದ್ದೆ ಅಲ್ಲ ಅಂತ ಅದರಲ್ಲಿ ತೀರ್ಮಾನವಾಯಿತು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಮಕ್ಕಳಿಗೆ ಹಕ್ಕು ಸಿಕ್ಕಿತು. ಆ ಹಕ್ಕನ್ನು ದಿನಾ ಬೆಳಿಗ್ಗೆ ಬೇಯಿಸಿ ಬಡಿಸಿ ಹಾಡಿಸಿ ಕೊಡುವವಳು ಮಾತ್ರ ನೌಕರಳಲ್ಲ. ನನಗೆ ಇದು ಇವತ್ತಿಗೂ ಒಪ್ಪಿಗೆಯಾಗದ ಮಾತು.

2022ರ ಏಪ್ರಿಲ್‌ನಲ್ಲಿ ಸ್ವಲ್ಪ ಸರಿಹೋಯಿತು. ಗುಜರಾತಿನ ಕಾರ್ಯಕರ್ತೆಯರ ಕೇಸಿನಲ್ಲಿ, ಇವರಿಗೆ ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸಿಗುವ ಇಡುಗಂಟು, ಕೊಡಲೇಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿತು. ಗೌರವಧನದ ವಿಷಯಕ್ಕೆ ಬಂದರೆ, ಕೇಂದ್ರ 2018ರ ಅಕ್ಟೋಬರ್‌ನಿಂದ ಕಾರ್ಯಕರ್ತೆಗೆ 4,500, ಸಹಾಯಕಿಗೆ 2,250 ಅಂತ ನಿಗದಿ ಮಾಡಿತು. ಅದರ ಮೇಲೆ ರಾಜ್ಯಗಳು ತಮ್ಮ ಪಾಲು ಸೇರಿಸುತ್ತವೆ. ನಮ್ಮಲ್ಲಿ ಆ ಪಾಲು ಏರಿದ್ದು ಸುಮ್ನೆ ಅಲ್ಲ. 2017ರ ಮಾರ್ಚ್‌ನಲ್ಲಿ ಸಾವಿರಾರು ಹೆಂಗಸರು ಬೆಂಗಳೂರಿನ ಫ್ರೀಡಂ ಪಾರ್ಕ್ ಹತ್ತಿರ ರಸ್ತೆಯಲ್ಲೇ ಮಲಗಿ ಎದ್ದದ್ದು ನೆನಪಿರಬೇಕು.

ಕೋವಿಡ್ ಹೊತ್ತಿನಲ್ಲಿ ಮಾರ್ಚ್ 2020ಕ್ಕೆ ಬಾಗಿಲು ಮುಚ್ಚಿ, ಕರ್ನಾಟಕದಲ್ಲಿ ಮತ್ತೆ ಮಕ್ಕಳು ಬಂದದ್ದು 2021ರ ನವೆಂಬರ್‌ನಲ್ಲಿ. ರೇಷನ್ ಮನೆ ಮನೆಗೆ ತಲುಪಿತು. ಹಾಡು, ಕಥೆ, ಬೀಜದ ಗುಡ್ಡೆ ತಲುಪಲಿಲ್ಲ. ಊಟವನ್ನು ಪೊಟ್ಟಣ ಕಟ್ಟಿ ಕಳಿಸಬಹುದು, ಆಟಕ್ಕೆ ಜೊತೆಯಾಗುವ ಮಕ್ಕಳನ್ನು ಕಳಿಸಲು ಆಗುವುದಿಲ್ಲ. ಮೂರು ವರ್ಷಕ್ಕೆ ಬರಬೇಕಿದ್ದವರು ಐದಕ್ಕೆ ಹತ್ತಿರವಾಗಿ ಬಂದರು. ಸಾಲಲ್ಲಿ ನಿಲ್ಲಲು, ತನ್ನ ಸರದಿಗೆ ಕಾಯಲು, ಬೇರೆ ಮಗುವಿನ ಜೊತೆ ಆಟದ ಸಾಮಾನು ಹಂಚಿಕೊಳ್ಳಲು ಬರುತ್ತಿರಲಿಲ್ಲ ಅಂತ ಟೀಚರ್‌ಗಳು ಹೇಳಿದ್ದನ್ನು ಕೇಳಿದ್ದೇನೆ. ಅಂಗನವಾಡಿ ಏನು ಕಲಿಸುತ್ತಿತ್ತು ಅನ್ನುವುದು ಅದು ನಿಂತಾಗ ಚೆನ್ನಾಗಿ ಕಾಣಿಸಿತು.

ಈಗಿನ ಜಗಳ ಎಲ್‌ಕೆಜಿ, ಯುಕೆಜಿಯದ್ದು. ಸರ್ಕಾರಿ ಶಾಲೆಗಳಲ್ಲೇ ಎಲ್‌ಕೆಜಿ ತೆರೆದರೆ ಅಂಗನವಾಡಿಗೆ ಯಾರು ಬರುತ್ತಾರೆ ಅಂತ 2024ರಲ್ಲಿ ಕಾರ್ಯಕರ್ತೆಯರು ಬೀದಿಗಿಳಿದರು. ಆಮೇಲೆ ಬೆಂಗಳೂರಿನ ಕೆಲವು ಅಂಗನವಾಡಿಗಳನ್ನು ಸರ್ಕಾರಿ ಮಾಂಟೆಸ್ಸರಿ ಅಂತ ಮಾಡಿದರು. ತಂದೆ ತಾಯಿಯರ ಆಸೆ ನನಗೆ ಅರ್ಥವಾಗುತ್ತದೆ. ಕೂಲಿ ಮಾಡುವವರೂ ಸಾಲ ಮಾಡಿ ಕಾನ್ವೆಂಟಿಗೆ ಕಳಿಸುತ್ತಾರೆ, ಯಾಕೆಂದರೆ ಅಲ್ಲಿ ಯೂನಿಫಾರಂ ಇದೆ, ಎಬಿಸಿಡಿ ಇದೆ, ಪುಸ್ತಕದಲ್ಲಿ ಬರೆದದ್ದು ಕಾಣುತ್ತದೆ. ಆದರೆ ಮೂರೂವರೆ ವರ್ಷದ ಕೂಸಿಗೆ ಎರಡು ಪುಟ ಹೋಂವರ್ಕ್ ಕೊಡುವುದಕ್ಕಿಂತ ನಮ್ಮ ಅಂಗನವಾಡಿಯ ‘ಚಿಲಿಪಿಲಿ’ ಚಟುವಟಿಕೆ ಪುಸ್ತಕ ಎಷ್ಟೋ ವಾಸಿ. ಅದರಲ್ಲಿ ಹಾಡು, ಕಥೆ, ಆಟಗಳ ಮೂಲಕವೇ ಕಲಿಕೆ. ಪುಸ್ತಕ ಚೆನ್ನಾಗಿದೆ. ಅದನ್ನು ಮಾಡಿಸಲು ಟೀಚರ್‌ಗೆ ದಿನಕ್ಕೆ ಎರಡು ಗಂಟೆ ಬಿಡುವಾಗಿ ಬಿಡಬೇಕು. ಆ ಎರಡು ಗಂಟೆ ಫೋನ್ ಬೇಡ, ಮೀಟಿಂಗ್ ಬೇಡ, ಸರ್ವೆ ಬೇಡ. ಬರವಣಿಗೆ ಕೆಲಸಕ್ಕೆ ಇನ್ನೊಬ್ಬರನ್ನು ಕೊಡಿ. ನಾನು ಎಲ್ಲ ಕಡೆ ಕೇಳುವುದು ಇದೊಂದನ್ನೇ.

ಇಷ್ಟು ಕೇಳಿದ ಮೇಲೆ ಕೆಲವರು ಮೆಲ್ಲಗೆ ಕೇಳುತ್ತಾರೆ, ಹಾಗಾದರೆ ನಮ್ಮ ಮಗೂನೂ ಕಳಿಸಬಹುದಾ ಅಂತ. ಕಳಿಸಿ. ಮೊದಲು ಒಂದು ಬೆಳಿಗ್ಗೆ ಹೋಗಿ ಕೂತು ನೋಡಿ. ಮಕ್ಕಳು ಮಾತಾಡುತ್ತಾರಾ, ಟೀಚರ್ ಅವರ ಮಾತು ಕೇಳುತ್ತಾರಾ ಅನ್ನುವುದನ್ನು ಗಮನಿಸಿ. ಪ್ರತಿ ಅಂಗನವಾಡಿಗೂ ಒಂದು ಬಾಲವಿಕಾಸ ಸಮಿತಿ ಇರುತ್ತದೆ, ತಾಯಂದಿರೂ ಅದರಲ್ಲಿರುತ್ತಾರೆ. ಅದರ ಸಭೆ ಯಾವಾಗ ಅಂತ ಕೇಳಿ, ಹೋಗಿ. ಬೇಳೆ ಚೆನ್ನಾಗಿದೆಯಾ, ಮೊಟ್ಟೆ ಬಂತಾ ಅಂತ ಖಂಡಿತ ಕೇಳಿ. ಅದರ ಜೊತೆಗೆ, ಈ ವಾರ ಟೀಚರ್‌ಗೆ ಮಕ್ಕಳ ಜೊತೆ ಕೂರಲು ಎಷ್ಟು ಹೊತ್ತು ಸಿಕ್ಕಿತು ಅಂತಲೂ ಕೇಳಿ, ಉತ್ತರವನ್ನು ಸಭೆಯ ಪುಸ್ತಕದಲ್ಲಿ ಬರೆಸಿ.